ಭಾಸ್ಕರಾಚಾರ್ಯರು: ‘ಹೆಂಗ್ ಬಂತು’ ಅಂತ ಕೇಳಿದವರು

ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ರೂಮಿನಲ್ಲಿ ಒಬ್ಬನ ಅಸೈನ್‌ಮೆಂಟ್ ನೋಡಿ ನಾಲ್ಕು ಜನ ಬರೆಯೋದು ನಮಗೇನೂ ಹೊಸದಲ್ಲ. ಕ್ಯಾಲ್ಕುಲಸ್ ಲೆಕ್ಕದ ಉತ್ತರ ಸರಿ ಇರ್ತದೆ, ಫಿಸಿಕ್ಸ್ ಫಾರ್ಮುಲಾನೂ ಸರಿ ಇರ್ತದೆ. ಬೆಳಿಗ್ಗೆ ಸರ್ ಮಧ್ಯದ ಒಂದು ಸ್ಟೆಪ್ ಮೇಲೆ ಬೆರಳಿಟ್ಟು ಇದು ಹೆಂಗ್ ಬಂತು ಅಂದಾಗ ಮಾತ್ರ ಎಲ್ಲರೂ ನೆಲ ನೋಡ್ತೀವಿ. ಆ ಒಂದು ಪ್ರಶ್ನೆಯನ್ನೇ ಗಟ್ಟಿಯಾಗಿ ಹಿಡಿದು ಬರೆದವರು ಭಾಸ್ಕರಾಚಾರ್ಯರು.

ಅವರು ಹುಟ್ಟಿದ್ದು 1114ರಲ್ಲಿ. ಆಗ ನಮ್ಮ ರಾಜೇಶ್ವರದ ಪಕ್ಕದ ಬಸವಕಲ್ಯಾಣ, ಅಂದರೆ ಅಂದಿನ ಕಲ್ಯಾಣ, ಚಾಲುಕ್ಯರ ರಾಜಧಾನಿ. ಆರನೇ ವಿಕ್ರಮಾದಿತ್ಯ ಆಳುತ್ತಿದ್ದ ಕಾಲ. ತಮ್ಮ ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ಅಂತ ಭಾಸ್ಕರರೇ ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರ ಅಂತ ಕೆಲವು ವಿದ್ವಾಂಸರು, ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದ ಕಡೆ ಅಂತ ಇನ್ನು ಕೆಲವರು. ತಂದೆ ಮಹೇಶ್ವರ ಖಗೋಳ ಬಲ್ಲವರು. ಮಗನಿಗೆ ಗುರುವೂ ಅವರೇ.

36ನೇ ವಯಸ್ಸಿನಲ್ಲಿ, ಅಂದರೆ 1150ರಲ್ಲಿ, ಭಾಸ್ಕರರು ‘ಸಿದ್ಧಾಂತ ಶಿರೋಮಣಿ’ ಬರೆದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಅಂತ ನಾಲ್ಕು ಭಾಗ. ಲೀಲಾವತಿಯಲ್ಲಿ ಹೋಮ್‌ವರ್ಕ್ ಲೆಕ್ಕಗಳು ತುಂಬಿವೆ. 32 ಮೊಳದ ಬಿದಿರು ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳ ದೂರ ನೆಲ ಮುಟ್ಟಿದೆ. ಎಷ್ಟು ಎತ್ತರದಲ್ಲಿ ಮುರಿಯಿತು? ಪೈಥಾಗೊರಸ್ ಹಾಕಿದರೆ 12 ಮೊಳ. ಇದು ಮಕ್ಕಳ ಲೆಕ್ಕ, ಬಿಡಿ. ನಮಗೆ ಕೆಲಸಕ್ಕೆ ಬರೋದು ಮುಂದಿನ ಭಾಗಗಳಲ್ಲಿದೆ.

ಹುಮನಾಬಾದ್‌ನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸಿನ ದೂರವನ್ನು ಸಮಯದಿಂದ ಭಾಗಿಸಿದರೆ ಸರಾಸರಿ ವೇಗ ಸಿಗ್ತದೆ. ಆದರೆ ಬಸ್ಸು ರಾಜೇಶ್ವರ ದಾಟುವ ಆ ಕ್ಷಣದ ವೇಗ? ಭಾಸ್ಕರರಿಗೂ ಇದೇ ತಲೆನೋವು, ಬಸ್ಸಿನ ಬದಲು ಚಂದ್ರ. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಓಡ್ತಾನೆ, ಆ ಓಟವೂ ಕ್ಷಣಕ್ಷಣಕ್ಕೆ ಬದಲಾಗ್ತದೆ. ನಿನ್ನೆ ಎಲ್ಲಿದ್ದ, ಇವತ್ತು ಎಲ್ಲಿದ್ದಾನೆ ಅಂತ ಕಳೆದು ಲೆಕ್ಕ ಹಾಕಿದರೆ ತಿಥಿ ಮುಗಿಯುವ ಹೊತ್ತು ತಪ್ಪುತ್ತದೆ. ಹಾಗಾಗಿ ಅವರು ‘ತಾತ್ಕಾಲಿಕ ಗತಿ’ ಬಳಸಿದರು. ಕೋನ ಸ್ವಲ್ಪ ಬದಲಾದರೆ ಸೈನ್‌ನಲ್ಲಾಗುವ ಬದಲಾವಣೆ ಕೊಸೈನ್‌ಗೆ ಅನುಪಾತದಲ್ಲಿರುತ್ತದೆ ಎಂಬುದು ಅದರ ತಳಹದಿ. ನಾವು ಸೈನ್‌ನ ಡಿರೈವೇಟಿವ್ ಕೊಸೈನ್ ಅಂತ ಬಾಯಿಪಾಠ ಮಾಡ್ತೀವಲ್ಲ, ಅದೇ. ಒಂದು ಬೆಲೆ ಗರಿಷ್ಠಕ್ಕೆ ಮುಟ್ಟಿದಾಗ ಅದರ ಬದಲಾವಣೆಯ ದರ ಸೊನ್ನೆ ಅನ್ನುವುದನ್ನೂ ಗ್ರಹಗಳ ಚಲನೆಯಲ್ಲಿ ಗುರುತಿಸಿದ್ದರು. ಲಿಮಿಟ್ ಎಂಬ ವ್ಯಾಖ್ಯೆ ಅವರಲ್ಲಿಲ್ಲ, ಹಾಗಾಗಿ ಕ್ಯಾಲ್ಕುಲಸ್ ಪೂರ್ತಿ ಅವರದೇ ಅನ್ನೋದು ಅತಿಯಾಯಿತು. ಆದರೆ ನ್ಯೂಟನ್, ಲೈಬ್ನಿಟ್ಸ್‌ಗಿಂತ 500 ವರ್ಷ ಮೊದಲು ಆ ಬಾಗಿಲ ತನಕ ಬಂದಿದ್ದರು ಅನ್ನೋದು ನಿಜ.

ಸೂತ್ರ ಕೊಟ್ಟು ಸುಮ್ಮನಾಗದೆ, ತಮ್ಮ ಗ್ರಂಥಕ್ಕೆ ತಾವೇ ‘ವಾಸನಾಭಾಷ್ಯ’ ಎಂಬ ವಿವರಣೆ ಬರೆದರು. ವಾಸನೆ ಅಂದರೆ ಇಲ್ಲಿ ಕಾರಣ, ಉಪಪತ್ತಿ. ಗೋಲದ ಘನಫಲ ಹೇಗೆ ಬಂತು? ಕೇಂದ್ರದಲ್ಲಿ ತುದಿ, ಮೇಲ್ಮೈಯಲ್ಲಿ ಪುಟ್ಟ ಪಾದ ಇರುವ ಪಿರಮಿಡ್ಡುಗಳಾಗಿ ಗೋಲವನ್ನು ಕತ್ತರಿಸಿ ಎಲ್ಲ ಕೂಡಿಸಿ ಅಂತಾರೆ. ಮೇಲ್ಮೈ ವಿಸ್ತೀರ್ಣವನ್ನು ವ್ಯಾಸದಿಂದ ಗುಣಿಸಿ 6ರಿಂದ ಭಾಗಿಸಿದರೆ ಉತ್ತರ. ಇಂಟಿಗ್ರೇಷನ್ನಿನ ಜೀವಾಳ ಇದೇ ಅಲ್ವಾ? ಉಪಪತ್ತಿ ಗೊತ್ತಿಲ್ಲದ ಗಣಿತಜ್ಞನಿಗೆ ಸಭೆಯಲ್ಲಿ ಮರ್ಯಾದೆಯೂ ಸಿಗದು, ಅವನ ಸಂಶಯವೂ ತೀರದು ಎಂಬುದು ಅವರ ಅಭಿಪ್ರಾಯವಾಗಿತ್ತು.

ಇಷ್ಟೆಲ್ಲ ಕೇಳಿದವರೂ ಒಂದು ಕಡೆ ಎಡವಿದರು. ಟೊಳ್ಳು ಅರಗಳಲ್ಲಿ ಅರ್ಧ ಪಾದರಸ ತುಂಬಿದ ಚಕ್ರ ತಾನಾಗಿಯೇ ತಿರುಗುತ್ತದೆ ಅಂತ ಗೋಲಾಧ್ಯಾಯದ ಯಂತ್ರಗಳ ಭಾಗದಲ್ಲಿ ಬರೆದರು. ಅದು ತಿರುಗಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ಪಾದರಸ ಎಷ್ಟು ಕೆಳಗಿಳಿಯಿತೋ ಅಷ್ಟೇ ಮೇಲೇರಿರಬೇಕು. ಗುರುತ್ವದಿಂದ ಸಿಗುವ ಒಟ್ಟು ಕೆಲಸ ಸೊನ್ನೆ, ಇದ್ದ ಶಕ್ತಿಯನ್ನೂ ಘರ್ಷಣೆ ತಿಂದುಹಾಕುತ್ತದೆ. ಶಕ್ತಿ ಸಂರಕ್ಷಣೆಯ ನಿಯಮ ಬಂದದ್ದು 19ನೇ ಶತಮಾನದಲ್ಲಿ. ಅಂಥವರ ತಪ್ಪನ್ನು ಮೊದಲ ಸೆಮಿಸ್ಟರಿನ ನಾವು ಹಿಡಿಯಬಲ್ಲೆವು, ಅದೂ ಅವರು ಹೇಳಿದಂತೆ ಕಾರಣ ಕೇಳಿದರೆ ಮಾತ್ರ.

69ರ ವಯಸ್ಸಿನಲ್ಲಿ, 1183ರ ಹೊತ್ತಿಗೆ, ಗ್ರಹಗಳ ಲೆಕ್ಕವನ್ನು ಸರಳವಾಗಿ ಮಾಡಲು ‘ಕರಣಕುತೂಹಲ’ ಎಂಬ ಕೈಪಿಡಿ ಬರೆದರು. ಅವರ ನಂತರ ಮೊಮ್ಮಗ ಚಾಂಗದೇವ, ಅಜ್ಜನ ಗ್ರಂಥಗಳನ್ನು ಕಲಿಸಲಿಕ್ಕೆಂದೇ ಪಾಟಣದಲ್ಲಿ ಮಠ ಕಟ್ಟಿಸಿದ. 1207ರ ಶಾಸನ ಅದನ್ನು ಹೇಳುತ್ತದೆ.

ಆ ಮಠದಲ್ಲೂ ಹುಡುಗರು ಒಬ್ಬರದು ನೋಡಿ ಒಬ್ಬರು ಬರೆದಿರಬಹುದು, ಯಾರಿಗೆ ಗೊತ್ತು! ನಾವಂತೂ ಒಂದು ಮಾತು ಮಾಡಿಕೊಂಡಿದ್ದೀವಿ. ಇವತ್ತಿನ ಅಸೈನ್‌ಮೆಂಟಿನಲ್ಲಿ ಹತ್ತು ಲೆಕ್ಕ ಇದ್ದರೆ, ಒಂದನ್ನಾದರೂ ಯಾರದೂ ನೋಡದೆ ‘ಹೆಂಗ್ ಬಂತು’ ಅಂತ ಕೇಳುತ್ತಾ ಕೊನೆತನಕ ಬಿಡಿಸೋಣ. ಉತ್ತರ ತಪ್ಪಾದರೂ ಪರವಾಗಿಲ್ಲ, ಪಾದರಸದ ಚಕ್ರ ಇದ್ದೇ ಇದೆಯಲ್ಲ.