ಕೊಳೆರೋಗವನ್ನು ಗೆದ್ದ ಕೋಲ್ಮನ್

ನಮ್ಮ ನಾರ್ವದ ಸುತ್ತಮುತ್ತ ಜೋಳ, ತೊಗರಿ, ಹತ್ತಿ, ಭತ್ತದ ಹೊಲಗಳನ್ನು ನೋಡುತ್ತ ಬೆಳೆದ ಮಕ್ಕಳಿಗೆ ಅಡಿಕೆಯ ತೋಟ ದೂರದ ಮಾತು. ಆದರೆ ಅಡಿಕೆ ಮಾತ್ರ ದೂರದ್ದಲ್ಲ. ಮದುವೆಯ ತಾಂಬೂಲದಲ್ಲಿ ಅದುಂಟು. ಅಂಗಡಿಯ ಮುಂದೆ ತೋರಣದಂತೆ ತೂಗುವ ಬಣ್ಣದ ಪೊಟ್ಟಣಗಳಲ್ಲಿಯೂ ಅದುಂಟು. ಆ ಅಡಿಕೆಯ ಬೆಳೆಯನ್ನು ಘೋರವಾದ ರೋಗವೊಂದರಿಂದ ಉಳಿಸಲು ಹೆಣಗಿದ ವಿಜ್ಞಾನಿಯೊಬ್ಬರ ಜೀವನವನ್ನು ಈ ವರ್ಷ ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಹೇಳಬಯಸುತ್ತೇವೆ.

ಅವರ ಹೆಸರು ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1908ರಲ್ಲಿ ಅಂದಿನ ಮೈಸೂರು ಸಂಸ್ಥಾನಕ್ಕೆ ಬಂದಾಗ ಅವರಿಗೆ ಮೂವತ್ತು ವರ್ಷ. ಬೆಳೆಗಳಿಗೆ ತಗಲುವ ಬೂಷ್ಟು ರೋಗಗಳನ್ನೂ ಕೀಟಗಳನ್ನೂ ಪರೀಕ್ಷಿಸುವುದು ಅವರಿಗೆ ವಹಿಸಿದ ಕೆಲಸವಾಗಿತ್ತು.

ಆ ಕಾಲದಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕೊಳೆರೋಗವು ಕಂಗೆಡಿಸಿತ್ತು. ಮುಂಗಾರು ಹಿಡಿದು ಬಿಡದೆ ಸುರಿಯುವಾಗ ಎಳೆಯ ಕಾಯಿಗಳ ಮೇಲೆ ನೀರು ತುಂಬಿದಂಥ ಕಪ್ಪುಹಸಿರು ಕಲೆಗಳು ಕಾಣಿಸಿಕೊಳ್ಳುವುವು. ಕಾಯಿಯ ಮೇಲೆ ಬಿಳಿಯ ಬೂಷ್ಟು ಬೆಳೆಯುವುದು. ಕೆಲವೇ ದಿನಗಳಲ್ಲಿ ಕಾಯಿಗಳೆಲ್ಲ ಮರದ ಬುಡಕ್ಕೆ ಉದುರಿಬೀಳುವುವು. ವರ್ಷವೆಲ್ಲ ಕಾದ ಫಸಲು ಕಣ್ಣೆದುರಿಗೇ ಕೊಳೆತುಹೋದರೆ ಮನೆಯ ಗತಿಯೇನು? ರೈತರೇನೂ ಸುಮ್ಮನೆ ಕುಳಿತಿರಲಿಲ್ಲ. ಮಳೆ ತಾಗದಂತೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡುವ ಪದ್ಧತಿ ಅವರಲ್ಲಿತ್ತು. ಆದರೆ ಎತ್ತರದ ಮರಗಳನ್ನೆಲ್ಲ ಹತ್ತಿ, ಒಂದೊಂದು ಗೊನೆಗೂ ಕೊಟ್ಟೆ ಕಟ್ಟುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ನೀವೇ ಊಹಿಸಿಕೊಳ್ಳಿ.

ಕೋಲ್ಮನ್ನರು ಕೊಳೆತ ಕಾಯಿಯನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಪರೀಕ್ಷಿಸಿದರು. ರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಜಾತಿಯ ಸೂಕ್ಷ್ಮಜೀವಿ ಎಂದು ಕಂಡುಕೊಂಡು, 1910ರಲ್ಲಿ ಅದನ್ನು ಕುರಿತ ಪುಸ್ತಿಕೆಯನ್ನು ಪ್ರಕಟಿಸಿದರು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಯನ್ನು ಹಾಳುಮಾಡಿ ಭೀಕರ ಕ್ಷಾಮಕ್ಕೆ ಕಾರಣವಾದದ್ದೂ ಇದರ ಬಳಗದ ಜೀವಿಯೇ.

ಶತ್ರುವಿನ ಗುರುತು ಸಿಕ್ಕಿತು, ಆಯುಧ ಬೇಕಲ್ಲವೆ? ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಿಂದ ಬಳಕೆಯಲ್ಲಿದ್ದ ಬೋರ್ಡೊ ದ್ರಾವಣವನ್ನು ಅವರು ಆರಿಸಿಕೊಂಡರು. ಮೈಲುತುತ್ತ ಮತ್ತು ಸುಣ್ಣವನ್ನು ಬೇರೆಬೇರೆಯಾಗಿ ನೀರಿನಲ್ಲಿ ಕರಗಿಸಿ ಬೆರೆಸಿದರೆ ಅದು ಸಿದ್ಧ. ಇಂದಿನ ಅಳತೆಯಲ್ಲಿ ಹೇಳುವುದಾದರೆ 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಆದರೆ ಮಲೆನಾಡಿನ ಮಳೆ ಫ್ರಾನ್ಸಿನ ಮಳೆಯಲ್ಲ. ಸಿಂಪಡಿಸಿದ ಔಷಧಿ ತೊಳೆದುಹೋದರೆ ಪ್ರಯೋಜನವೇನು? ಆದಕಾರಣ ರಾಳ ಮತ್ತು ಸೋಡಾ ಸೇರಿಸಿ ಕಾಯಿಗೆ ಅಂಟಿಕೊಳ್ಳುವಂತೆ ಮಾಡಿದರು. ಪರದೇಶದ ವಿದ್ಯೆಯನ್ನು ನಮ್ಮ ನೆಲಕ್ಕೆ ಹೊಂದಿಸಿಕೊಂಡ ಜಾಣ್ಮೆ ಇದು. ಮುಂಗಾರಿಗೆ ಮೊದಲೊಮ್ಮೆ, ಆಮೇಲೆ ಮಳೆಯ ಬಿಡುವಿನಲ್ಲಿ ಮತ್ತೊಮ್ಮೆ ಬೋರ್ಡೊ ಸಿಂಪಡಿಸುವ ರೂಢಿ ಮಲೆನಾಡಿನಲ್ಲಿ ಇಂದಿಗೂ ನಡೆದಿದೆ.

ಕೋಲ್ಮನ್ನರು ಮಲೆನಾಡಿಗೆ ಮಾತ್ರ ಸೇರಿದವರಲ್ಲ. ದಖ್ಖನಿನ ಜೋಳದ ಬೆಳೆಯನ್ನು ತಿಂದುಹಾಕುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯ ಜೀವನಕ್ರಮವನ್ನು ಕುಂಞಿ ಕಣ್ಣನ್ ಎಂಬ ಭಾರತೀಯ ಕೀಟಶಾಸ್ತ್ರಜ್ಞರೊಡನೆ ಅಭ್ಯಾಸಮಾಡಿದರು. ಆ ಮಿಡತೆಗೆ ಶಾಸ್ತ್ರಜ್ಞರು ಇಟ್ಟ ಹೆಸರೇ ಕೋಲ್ಮೇನಿಯಾ! ಜೋಳದ ರೊಟ್ಟಿ ತಿನ್ನುವ ನಾವು ಈ ಹೆಸರನ್ನು ನೆನಪಿಡಬೇಕು.

1913ರಲ್ಲಿ ಅವರು ಮೈಸೂರಿನ ವ್ಯವಸಾಯ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಬೆಂಗಳೂರಿನ ಬಳಿಯ ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ — ಇವುಗಳ ಹಿಂದೆಯೂ ಅವರ ದುಡಿಮೆಯುಂಟು. 1934ರಲ್ಲಿ ನಿವೃತ್ತರಾಗಿ ತಾಯ್ನಾಡಿಗೆ ಮರಳಿದರು. 1954ರಲ್ಲಿ ತೀರಿಕೊಂಡರು.

ಇಲ್ಲಿಗೆ ಕಥೆ ಮುಗಿಯಿತೆನ್ನಬಹುದಿತ್ತು. ಆದರೆ ಪಾಠ ಹೇಳುವವರು ಅರ್ಧ ಸತ್ಯವನ್ನು ಹೇಳಿ ಬಿಡಬಾರದು. ಕೋಲ್ಮನ್ನರು ಕಾಪಾಡಿದ ಅದೇ ಅಡಿಕೆ ಮನುಷ್ಯನ ಬಾಯಿಗೆ ಏನು ಮಾಡುತ್ತದೆ ಎಂಬುದನ್ನು ವೈದ್ಯವಿಜ್ಞಾನ ಆಮೇಲೆ ಕಂಡುಕೊಂಡಿತು. ಅಡಿಕೆಯನ್ನು ಸದಾ ಅಗಿಯುವವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ, ಬಾಯಿ ತೆರೆಯುವುದೇ ಕಷ್ಟವಾಗುವ ರೋಗ ಬರಬಹುದು. ಅದು ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ತಂಬಾಕು ಬೆರೆಸಿದ ತಾಂಬೂಲವನ್ನು ಕ್ಯಾನ್ಸರಿಗೆ ಕಾರಣವೆಂದು ಸಾರಿತು. 2004ರಲ್ಲಿ ಪ್ರಕಟವಾದ ಅದರ ಗ್ರಂಥ ತಂಬಾಕಿಲ್ಲದ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು.

ಹಾಗಾದರೆ ಕೋಲ್ಮನ್ನರು ತಪ್ಪು ಮಾಡಿದರೆ? ಇಲ್ಲವೆಂದೇ ನಮ್ಮ ತೀರ್ಮಾನ. ಅವರ ಕಣ್ಣೆದುರು ಇದ್ದದ್ದು ಬೆಳೆ ಕಳೆದುಕೊಂಡ ರೈತನ ಮನೆ. ಆ ಮನೆಗೆ ಅವರು ಆಸರೆಯಾದರು. ಅಂದು ತಿಳಿಯದಿದ್ದುದನ್ನು ಇಂದು ತಿಳಿದ ನಮ್ಮ ಹೊಣೆ ಬೇರೆ. ಅಡಿಕೆ ಬೆಳೆದು ಬದುಕುವ ಕುಟುಂಬಗಳನ್ನು ಹಳಿಯುವುದೂ ನ್ಯಾಯವಲ್ಲ. ತಿಳಿದೂ ತಿಳಿದೂ ನಮ್ಮ ಮಕ್ಕಳ ಕೈಗೆ ಪೊಟ್ಟಣ ಸಿಗುವಂತೆ ಬಿಡುವುದೂ ನ್ಯಾಯವಲ್ಲ. ಶಾಲೆಗೆ ಬರುವ ದಾರಿಯಲ್ಲಿ ಹರಿದು ಬಿದ್ದ ಗುಟ್ಕಾ ಚೀಟಿಗಳನ್ನು ಕಂಡಾಗಲೆಲ್ಲ ನಮ್ಮ ಮನಸ್ಸು ಕಳವಳಗೊಳ್ಳುತ್ತದೆ. ಅವುಗಳಲ್ಲಿ ಒಂದಾದರೂ ನಮ್ಮ ಹುಡುಗರ ಜೇಬಿನಿಂದ ಬಿದ್ದದ್ದಾಗದಿರಲಿ.

ಕೊಳೆರೋಗ ಕಾಯಿಯ ಮೇಲೆ ಸಣ್ಣ ಕಲೆಯಾಗಿ ಆರಂಭವಾಗುತ್ತದೆ, ಚಟವೂ ಹಾಗೆಯೇ. ಮಳೆಗೆ ಮುಂಚೆಯೇ ಔಷಧಿ ಹೊಡೆಯಬೇಕು ಎಂಬುದು ಕೋಲ್ಮನ್ನರ ಜೀವನದಿಂದ ತೋಟಗಾರರು ಕಲಿತ ಪಾಠ. ತಂದೆತಾಯಿಗಳಾದ ನೀವೂ, ಅಧ್ಯಾಪಕರಾದ ನಾವೂ ಮನೆ ಮತ್ತು ಶಾಲೆಗಳಲ್ಲಿ ಅದೇ ಪಾಠವನ್ನು ಅನುಸರಿಸೋಣ.