ಜಾಕ್ ಮೊನೊ ಮತ್ತು ಬ್ಯಾಕ್ಟೀರಿಯಾದ ಕಬ್ಬಿಣದ ಲೆಕ್ಕ

ಬಹುತೇಕ ಎಲ್ಲ ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕು. ಉಸಿರಾಟದ ಹಲವು ಕಿಣ್ವಗಳು ಅದಿಲ್ಲದೆ ಕೆಲಸ ಮಾಡವು. ಆದರೆ ಜೀವಕೋಶದೊಳಗೆ ಕಬ್ಬಿಣ ಅತಿಯಾದರೆ ಅದೇ ಡಿಎನ್‌ಎಗೆ ಹಾನಿ ತರುತ್ತದೆ. ಮಿದುಳಿಲ್ಲದ ಒಂದೇ ಕೋಶ ಇಷ್ಟು ಸಾಕು ಎಂಬುದನ್ನು ಹೇಗೆ ಅರಿಯುತ್ತದೆ? ಇದಕ್ಕೆ ಉತ್ತರ ಸಿಗಲು ಬೇಕಾದ ಮೂಲ ತತ್ವವನ್ನು ಕೊಟ್ಟವರಲ್ಲಿ ಫ್ರಾನ್ಸಿನ ಜಾಕ್ ಮೊನೊ ಪ್ರಮುಖರು. ಅವರು ಕಬ್ಬಿಣದ ಮೇಲೆ ಸಂಶೋಧನೆ ಮಾಡಿದವರಲ್ಲ. ಅವರ ವಿಷಯ ಸಕ್ಕರೆ.

ಮೊನೊ 1910ರ ಫೆಬ್ರವರಿ 9ರಂದು ಪ್ಯಾರಿಸ್ಸಿನಲ್ಲಿ ಜನಿಸಿದರು. ತಂದೆ ಚಿತ್ರಕಾರರು, ತಾಯಿ ಅಮೆರಿಕದವರು. ಬಾಲ್ಯದಲ್ಲಿ ಪೋಲಿಯೊ ತಗುಲಿ ಒಂದು ಕಾಲು ದುರ್ಬಲವಾದರೂ ಅವರು ಬಂಡೆ ಹತ್ತುವುದನ್ನು ಕಲಿತರು. ಚೆಲೋ ವಾದ್ಯ ನುಡಿಸುತ್ತಿದ್ದ ಅವರಿಗೆ ಸಂಗೀತವೇ ವೃತ್ತಿಯಾಗಲಿ ಎಂಬ ಆಸೆಯೂ ಇತ್ತು. ಕೊನೆಗೆ ಗೆದ್ದದ್ದು ಜೀವಶಾಸ್ತ್ರ.

ಎರಡು ಬಗೆಯ ಸಕ್ಕರೆ ಬೆರೆಸಿದ ದ್ರವದಲ್ಲಿ ಅವರು ಬ್ಯಾಕ್ಟೀರಿಯಾ ಬೆಳೆಸಿದರು. ಬೆಳವಣಿಗೆಯ ನಕ್ಷೆ ಏರಿತು, ಸ್ವಲ್ಪ ಹೊತ್ತು ಸಮತಟ್ಟಾಯಿತು, ಮತ್ತೆ ಏರಿತು. ಒಂದು ಸಕ್ಕರೆ ಮುಗಿದ ಮೇಲೆ ಇನ್ನೊಂದನ್ನು ಬಳಸುವ ಕಿಣ್ವ ತಯಾರಾಗಲು ಹಿಡಿದ ಸಮಯವೇ ಆ ನಡುವಿನ ವಿರಾಮ. ಈ ಅಧ್ಯಯನಕ್ಕೆ 1941ರಲ್ಲಿ ಅವರಿಗೆ ಡಾಕ್ಟರೇಟ್ ಬಂತು. ಅಷ್ಟರಲ್ಲಿ ಪ್ಯಾರಿಸ್ ನಾಜಿಗಳ ವಶವಾಗಿತ್ತು. ಮೊನೊ ಗುಪ್ತವಾಗಿ ಪ್ರತಿರೋಧ ಚಳವಳಿ ಸೇರಿ ಹೊಣೆಯ ಸ್ಥಾನಕ್ಕೇರಿದರು. ಪ್ರಯೋಗಾಲಯದ ಕೆಲಸವನ್ನೂ ಪೂರ್ತಿ ಬಿಡಲಿಲ್ಲ.

ಯುದ್ಧದ ನಂತರ ಪಾಸ್ಚರ್ ಸಂಸ್ಥೆಯಲ್ಲಿ ಅವರು ಲ್ಯಾಕ್ಟೋಸನ್ನು ಒಡೆಯುವ ಕಿಣ್ವದ ಬೆನ್ನುಹತ್ತಿದರು. ಸಕ್ಕರೆಯೇ ಕಿಣ್ವದ ತಯಾರಿಕೆಗೆ ನೇರ ಪ್ರಚೋದನೆ ಕೊಡುತ್ತದೆ ಎಂಬುದು ಅವರ ನಂಬಿಕೆ. ಸಕ್ಕರೆಯಿಲ್ಲದೆಯೂ ಕಿಣ್ವ ತಯಾರಿಸುವ ಬ್ಯಾಕ್ಟೀರಿಯಾದೊಳಗೆ ಪ್ರಚೋದಕವೇ ಹುಟ್ಟುತ್ತಿರಬೇಕು ಎಂದು ಅವರು ಎಣಿಸಿದ್ದರು. 1950ರ ದಶಕದ ಕೊನೆಯಲ್ಲಿ ಫ್ರಾಂಸ್ವಾ ಜಾಕೋಬ್ ಮತ್ತು ಆರ್ಥರ್ ಪಾರ್ಡಿ ಅವರೊಡನೆ ನಡೆಸಿದ ಪ್ರಯೋಗ ಈ ನಂಬಿಕೆಯನ್ನೇ ಉರುಳಿಸಿತು. ಆರೋಗ್ಯಕರ ಜೀನುಗಳು ಹೊಸ ಕೋಶ ಸೇರಿದ ಕೂಡಲೇ ಸಕ್ಕರೆಯಿಲ್ಲದೆಯೇ ಕಿಣ್ವ ತಯಾರಾಯಿತು, ಬಳಿಕ ನಿಂತುಹೋಯಿತು. ಅಂದರೆ ಕೋಶದಲ್ಲಿ ಮೆಲ್ಲಗೆ ಒಂದು ತಡೆ ಸಂಗ್ರಹವಾಗುತ್ತಿತ್ತು. ಸಕ್ಕರೆ ಮಾಡುವುದು ಆ ತಡೆಯನ್ನು ತೆಗೆಯುವ ಕೆಲಸ ಮಾತ್ರ. ಮೊನೊ ವರ್ಷಗಳಿಂದ ಕಾಪಾಡಿಕೊಂಡಿದ್ದ ವಿವರಣೆಯನ್ನು ಕೈಬಿಟ್ಟು ಸಾಕ್ಷ್ಯದ ಜೊತೆ ಹೋದರು. 1961ರಲ್ಲಿ ಜಾಕೋಬ್ ಜೊತೆ ಪ್ರಕಟಿಸಿದ ಓಪೆರಾನ್ ಮಾದರಿ ಇದರ ಫಲ. 1965ರಲ್ಲಿ ಇಬ್ಬರೂ ಆಂದ್ರೆ ಲ್ವೋಫ್ ಅವರೊಂದಿಗೆ ನೊಬೆಲ್ ಹಂಚಿಕೊಂಡರು. 1971ರಲ್ಲಿ ಪಾಸ್ಚರ್ ಸಂಸ್ಥೆಯ ನಿರ್ದೇಶಕರಾದ ಮೊನೊ 1976ರ ಮೇ 31ರಂದು ನಿಧನರಾದರು.

ಕಬ್ಬಿಣದ ಕಥೆ ಬಿಡಿಸಿಕೊಂಡದ್ದು ಮುಖ್ಯವಾಗಿ ಅವರ ನಂತರ, 1980ರ ದಶಕದಲ್ಲಿ. ಇ. ಕೋಲಿಯಲ್ಲಿ ಫರ್ ಎಂಬ ಪ್ರೋಟೀನ್ ಇದೆ. ಕೋಶದಲ್ಲಿ ಕಬ್ಬಿಣ ಸಾಕಷ್ಟಿದ್ದಾಗ ಕಬ್ಬಿಣದ ಅಯಾನು ಫರ್‌ಗೆ ಅಂಟುತ್ತದೆ. ಆ ಜೋಡಿ ಡಿಎನ್‌ಎ ಮೇಲೆ ಕುಳಿತು ಕಬ್ಬಿಣ ತರುವ ಜೀನುಗಳನ್ನು ಮುಚ್ಚುತ್ತದೆ. ಕಬ್ಬಿಣ ಕಡಿಮೆಯಾದಾಗ ಅಯಾನು ಬಿಟ್ಟುಹೋಗುತ್ತದೆ, ಫರ್ ಡಿಎನ್‌ಎಯಿಂದ ಕಳಚಿಕೊಳ್ಳುತ್ತದೆ, ಜೀನುಗಳು ತೆರೆದುಕೊಳ್ಳುತ್ತವೆ. ಆಗ ಕೋಶ ಸಿಡೆರೋಫೋರ್ ಎಂಬ ಸಣ್ಣ ಅಣುಗಳನ್ನು ಹೊರಬಿಟ್ಟು, ಅವು ಹಿಡಿದ ಕಬ್ಬಿಣವನ್ನು ಒಳಗೆಳೆದುಕೊಳ್ಳುತ್ತದೆ. ನಮ್ಮ ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಡುವುದರಿಂದ, ಸೋಂಕಿನಲ್ಲಿ ಈ ಪೈಪೋಟಿಗೆ ಬಹಳ ಬೆಲೆಯಿದೆ.

ತರಗತಿಯಲ್ಲಿ ಎರಡನ್ನೂ ಅಕ್ಕಪಕ್ಕ ಇಡಬಹುದು. ಲ್ಯಾಕ್ಟೋಸಿನಿಂದ ಹುಟ್ಟುವ ಅಣು ತಡೆ ಪ್ರೋಟೀನನ್ನು ಡಿಎನ್‌ಎಯಿಂದ ಬಿಡಿಸುತ್ತದೆ. ಕಬ್ಬಿಣ ತಡೆ ಪ್ರೋಟೀನನ್ನು ಡಿಎನ್‌ಎಗೆ ಕೂರಿಸುತ್ತದೆ. ತತ್ವ ಒಂದೇ, ದಿಕ್ಕು ಬೇರೆ. ಪ್ರಶಿಕ್ಷಣಾರ್ಥಿಗಳು ಓಪೆರಾನ್ ಚಿತ್ರದಿಂದ ಪಾಠ ಆರಂಭಿಸದೆ, ಮೊದಲು ಆ ಬೆಳವಣಿಗೆಯ ನಕ್ಷೆಯನ್ನು ಕಪ್ಪುಹಲಗೆಯ ಮೇಲೆ ಬರೆದು ವಿರಾಮಕ್ಕೆ ಕಾರಣ ಕೇಳಲಿ. ಮಕ್ಕಳ ಊಹೆಗಳನ್ನೆಲ್ಲ ಬರೆದುಕೊಳ್ಳಲಿ. ಪ್ರಯೋಗದ ಫಲಿತಾಂಶ ಹೇಳಿದ ಮೇಲೆ ಯಾವ ಊಹೆ ಉಳಿಯುತ್ತದೆ ಎಂಬುದನ್ನು ಮಕ್ಕಳೇ ತೀರ್ಮಾನಿಸಲಿ. ಮೆಚ್ಚಿದ ವಿವರಣೆಯನ್ನು ಬಿಟ್ಟುಕೊಡುವುದು ಸೋಲಲ್ಲ ಎಂಬುದನ್ನು ಅವರು ಆಗ ಮಾಡಿ ಕಲಿಯುತ್ತಾರೆ.