ನೀರಿನಲ್ಲಿ ಶಿವನನ್ನು ಕಂಡವರು: ಸೊನ್ನಲಿಗೆಯ ಸಿದ್ಧರಾಮರು

ಸೊಲ್ಲಾಪುರ ನಗರದ ನಡುವೆ, ಹಳೆಯ ಕೋಟೆಯ ಮಗ್ಗುಲಲ್ಲಿ, ಒಂದು ಕೆರೆಯಿದೆ. ಕೆರೆಯ ಮಧ್ಯದಲ್ಲಿ ಸಿದ್ಧೇಶ್ವರ ದೇವಾಲಯ. ಅದರ ಆವರಣದಲ್ಲಿಯೇ ಆ ಕೆರೆಯನ್ನು ಕಟ್ಟಿಸಿದ ಮಹಾತ್ಮರ ಸಮಾಧಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಮಕ್ಕಳು ಜಾತ್ರೆಗೆಂದು ಹಿರಿಯರ ಕೈಹಿಡಿದು ಅಲ್ಲಿಗೆ ಹೋಗುತ್ತಾರೆ, ಕಾಯಿ ಒಡೆಸಿ ಬರುತ್ತಾರೆ. ಆದರೆ ಆ ದೇವಾಲಯದಲ್ಲಿ ಪೂಜೆಗೊಳ್ಳುತ್ತಿರುವವರು 12ನೆಯ ಶತಮಾನದಲ್ಲಿ ಇದೇ ಮಣ್ಣಿನಲ್ಲಿ ಹುಟ್ಟಿ, ತಮ್ಮ ಅನುಭಾವವನ್ನು ಕನ್ನಡದಲ್ಲಿಯೇ ನುಡಿದ ವಚನಕಾರರು ಎಂಬುದು ಎಷ್ಟು ಮಕ್ಕಳಿಗೆ ತಿಳಿದಿದೆ? ಈ ಪ್ರಶ್ನೆ ಶಿಕ್ಷಕರಾದ ನಮ್ಮನ್ನು ಬಹುಕಾಲದಿಂದ ಕಾಡುತ್ತಿದೆ.

ಸೊಲ್ಲಾಪುರದ ಅಂದಿನ ಹೆಸರು ಸೊನ್ನಲಿಗೆ. ಸಿದ್ಧರಾಮರ ತಂದೆ ಮುದ್ದುಗೌಡ, ತಾಯಿ ಸುಗ್ಗವ್ವೆ. 13ನೆಯ ಶತಮಾನದ ಕವಿ ರಾಘವಾಂಕನು ತನ್ನ ‘ಸಿದ್ಧರಾಮ ಚಾರಿತ್ರ’ದಲ್ಲಿ ಇವರ ಜೀವನವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಕಾವ್ಯದ ಪ್ರಕಾರ ಬಾಲಕನು ಮಾತಾಡದವನು, ಲೋಕದ ಕಣ್ಣಿಗೆ ಮಂಕನಂತೆ ತೋರುತ್ತಿದ್ದವನು. ದನ ಕಾಯುವುದು ಅವನ ಕಾಯಕ. ಒಂದು ದಿನ ಹೊಲದಲ್ಲಿದ್ದಾಗ ಜಂಗಮರೂಪದ ಮಲ್ಲಯ್ಯನು ಬಂದು ನವಣೆಯ ಎಳೆಯ ತೆನೆಗಳನ್ನು ಬೇಡಿದನು. ಅವನ್ನು ಸವಿದ ಮೇಲೆ, ತಂಪಾಗಿ ಉಣ್ಣಲು ಏನಾದರೂ ಮನೆಯಿಂದ ತರುವಂತೆ ಕೇಳಿದನು. ಬಾಲಕ ಮನೆಗೆ ಓಡಿದ. ತಂದುಕೊಂಡು ಹಿಂದಿರುಗುವಷ್ಟರಲ್ಲಿ ಅತಿಥಿ ಅಲ್ಲಿರಲಿಲ್ಲ. ಮಲ್ಲಯ್ಯಾ ಎಂದು ಕೂಗುತ್ತಾ, ಅಳುತ್ತಾ, ದಾರಿಯಲ್ಲಿ ಸಿಕ್ಕ ಯಾತ್ರಿಕರ ಜೊತೆಗೂಡಿ ಅವನು ಶ್ರೀಶೈಲದವರೆಗೆ ನಡೆದ. ಅಲ್ಲಿಯೂ ಕಾಣದೆ ಕಮರಿಗೆ ಧುಮುಕಲು ಹೊರಟಾಗ ಮಲ್ಲಿಕಾರ್ಜುನನು ಕೈಹಿಡಿದು ಉಳಿಸಿದನೆಂದು ಕವಿ ಹೇಳುತ್ತಾನೆ.

ಇಲ್ಲಿ ಪಾಲಕರ ಗಮನಕ್ಕೆ ಬರಬೇಕಾದ ಎರಡು ಸಂಗತಿಗಳಿವೆ. ಆ ಬಾಲಕನಿಗೆ ದೇವರ ಮೊದಲ ದರ್ಶನವಾದದ್ದು ಗುಡಿಯಲ್ಲಿ ಅಲ್ಲ, ಹಸಿದು ಬಂದವನ ಮುಖದಲ್ಲಿ. ಇನ್ನು, ಶ್ರೀಶೈಲದಂತಹ ಕ್ಷೇತ್ರದಲ್ಲಿ ಸಾಕ್ಷಾತ್ಕಾರವಾದ ಮೇಲೂ ಅವರಿಗೆ ಅಲ್ಲಿ ನೆಲೆಸುವ ಅಪ್ಪಣೆ ದೊರೆಯಲಿಲ್ಲ. ಊರಿಗೆ ಮರಳಿ, ಸೊನ್ನಲಿಗೆಯನ್ನೇ ಶ್ರೀಶೈಲವಾಗಿ ಮಾಡುವ ಹೊಣೆ ಅವರ ಪಾಲಿಗೆ ಬಂತು.

ಈ ಸೀಮೆಯನ್ನು ಬಲ್ಲವರಿಗೆ ಆ ಹೊಣೆಯ ಭಾರ ಅರ್ಥವಾಗುತ್ತದೆ. ಸಹ್ಯಾದ್ರಿಯನ್ನು ದಾಟುವಷ್ಟರಲ್ಲಿ ಮೋಡಗಳು ಬರಿದಾಗುತ್ತವೆ. ನಮ್ಮದು ಮಳೆಯ ನೆರಳಿನ ನಾಡು. ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ತಾಯಂದಿರನ್ನು, ನೀರಿಗಾಗಿ ಅಲೆಯುವ ದನಕರುಗಳನ್ನು ನಾವು ಇಂದೂ ಕಾಣುತ್ತೇವೆ. ಇಂತಹ ನೆಲದಲ್ಲಿ ಸಿದ್ಧರಾಮರು ಲಿಂಗಗಳನ್ನು ಸ್ಥಾಪಿಸಿದರು, ದೇವಾಲಯ ಕಟ್ಟಿಸಿದರು. ಅದರೊಂದಿಗೇ ಕೆರೆ, ಬಾವಿ, ಹೂದೋಟ, ಛತ್ರಗಳ ನಿರ್ಮಾಣಕ್ಕೆ ಕೈಹಾಕಿದರು. ಸಾವಿರಾರು ಜನ ಮಣ್ಣು ಅಗೆದು, ಬುಟ್ಟಿಯಲ್ಲಿ ಹೊತ್ತು, ಏರಿ ಕಟ್ಟಿದರೆಂದು ಕಾವ್ಯಗಳು ಹೇಳುತ್ತವೆ. ಆ ಜನರ ನಡುವೆ ನಿಂತು ದುಡಿಮೆಯನ್ನು ನಡೆಸಿದವರು ಸಿದ್ಧರಾಮರು. ಮಣ್ಣು, ಕಲ್ಲುಗಳ ಕೆಲಸದಲ್ಲಿ ಬಾಳು ಸವೆಸಿದ ಭೋವಿ ಸಮುದಾಯದವರು ಇಂದಿಗೂ ಅವರನ್ನು ತಮ್ಮ ಗುರುವೆಂದು ಗೌರವಿಸುತ್ತಾರೆ.

ಅವರ ಬಾಳಿನ ತಿರುವು ಬಂದದ್ದೂ ಕೆರೆಯ ಏರಿಯ ಮೇಲೆಯೇ. ‘ಶೂನ್ಯಸಂಪಾದನೆ’ಯಲ್ಲಿ ಬರುವಂತೆ, ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಈ ಕೆಲಸವನ್ನು ಮಾಡಿಸುತ್ತಿರುವ ಒಡ್ಡನೆಲ್ಲಿ ಎಂಬ ಅರ್ಥದ ಮಾತಿನಿಂದ ಸಿದ್ಧರಾಮರನ್ನು ಕೆಣಕಿದರು. ಕೆಲಸಗಾರರು ಕೆರಳಿ ಕಲ್ಲು ತೂರಿದರು. ಸುದ್ದಿ ತಿಳಿದು ಸಿದ್ಧರಾಮರು ಕೋಪದಿಂದಲೇ ಬಂದರು. ಮುಂದೆ ಇಬ್ಬರಿಗೂ ದೀರ್ಘ ಸಂವಾದ ನಡೆಯಿತು. ಕೆರೆ ಕಟ್ಟಿಸಿದರೆ ಪುಣ್ಯ ಬಂದೀತು. ಕಟ್ಟಿಸಿದವನು ನಾನು ಎಂಬ ಭಾವ ಉಳಿದಿದ್ದರೆ ಅದೇ ಬಂಧನವಾಗುತ್ತದೆ, ಹೊರಗೆ ಸ್ಥಾಪಿಸಿದ ಲಿಂಗವನ್ನು ಒಳಗೂ ಅರಿಯಬೇಕು ಎಂಬುದು ಪ್ರಭುಗಳ ನಿಲುವಿನ ಸಾರ.

ಸಾವಿರಾರು ಜನರ ಗೌರವಕ್ಕೆ ಪಾತ್ರನಾದ ನಾಯಕನೊಬ್ಬ ತನ್ನ ಕೆಲಸಗಾರರ ಎದುರಿನಲ್ಲಿಯೇ ಇಂತಹ ಮಾತನ್ನು ಕೇಳಿಸಿಕೊಳ್ಳುವುದು ಸುಲಭವಲ್ಲ. ಸಿದ್ಧರಾಮರು ಕೇಳಿಸಿಕೊಂಡರು. ಪ್ರಭುಗಳ ಜೊತೆ ಕಲ್ಯಾಣಕ್ಕೆ ನಡೆದರು. ಅಲ್ಲಿ ತಮಗಿಂತ ಕಿರಿಯರಾದ ಚನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆ ಪಡೆದರು. ಅಲ್ಲಮಪ್ರಭು, ಚನ್ನಬಸವಣ್ಣನವರ ನಂತರ ಶೂನ್ಯಪೀಠವನ್ನೇರಿದ ಮೂರನೆಯವರು ಸಿದ್ಧರಾಮರೇ ಎಂದು ಶರಣ ಪರಂಪರೆ ನಂಬುತ್ತದೆ. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರ ಸಾವಿರಕ್ಕೂ ಹೆಚ್ಚು ವಚನಗಳು ಇಂದು ನಮಗೆ ದೊರೆತಿವೆ.

ಅಲ್ಲಮರ ಮಾತು ಕೆರೆಯ ಕೆಲಸವನ್ನು ಅಲ್ಲಗಳೆಯಿತು ಎಂದು ಕೆಲವರು ತಿಳಿಯುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಕೆರೆಯು ತನ್ನ ನೀರನ್ನು ಯಾರ ಜಾತಿ, ಯಾರ ಭಾಷೆ ಎಂದು ಕೇಳಿ ಕೊಡುವುದಿಲ್ಲ. ಕಟ್ಟಿದವರ ಹೆಸರನ್ನೂ ಹೇಳುವುದಿಲ್ಲ. ಕೊಡುವವನು ಕೂಡ ಹಾಗೆಯೇ ಆಗಬೇಕೆಂಬುದನ್ನು ಸಿದ್ಧರಾಮರು ಆ ಸಂವಾದದಿಂದ ಕಲಿತರು. ದಯೆಯು ಅವರಲ್ಲಿ ಮೊದಲೇ ಇತ್ತು. ಅದರೊಳಗೆ ಉಳಿದಿದ್ದ ಅಹಂಕಾರದ ಹೂಳನ್ನು ಅಲ್ಲಮರು ತೆಗೆದರು.

ಕಡೆಯಲ್ಲಿ ಸಿದ್ಧರಾಮರು ಸೊನ್ನಲಿಗೆಯಲ್ಲಿಯೇ ಐಕ್ಯರಾದರು. ಅವರನ್ನು ವರಿಸಲು ಬಯಸಿದ ಕುಂಬಾರರ ಕನ್ಯೆಗೆ ಅವರ ಯೋಗದಂಡದೊಂದಿಗೆ ವಿವಾಹವಾಯಿತೆಂಬ ಐತಿಹ್ಯದ ನೆನಪಿನಲ್ಲಿ ಪ್ರತಿ ಸಂಕ್ರಾಂತಿಗೆ ಗಡ್ಡೆಯ ಜಾತ್ರೆ ನೆರೆಯುತ್ತದೆ. ಏಳು ನಂದಿಧ್ವಜಗಳು ಊರಿನ 68 ಲಿಂಗಗಳ ದರ್ಶನಕ್ಕೆ ಸಾಗುತ್ತವೆ. ಕನ್ನಡಿಗರು, ಮರಾಠಿಗರು, ತೆಲುಗರು ಎಲ್ಲರೂ ಆ ಉತ್ಸವದಲ್ಲಿ ಹೆಗಲು ಕೊಡುತ್ತಾರೆ. ಇದು ನಮ್ಮ ಗಡಿನಾಡಿನ ಹೆಮ್ಮೆ.

ಉತ್ಸವ ಎಲ್ಲರದು, ಆದರೆ ವಚನಗಳ ಬಾಗಿಲು ತೆರೆಯುವುದು ಕನ್ನಡದ ಕೀಲಿಯಿಂದ. ಸೊಲ್ಲಾಪುರದಲ್ಲಿಯೇ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಶಿಕ್ಷಣ ಪಡೆದು, ಕನ್ನಡವನ್ನು ಸ್ವಂತ ಪರಿಶ್ರಮದಿಂದ ಕಲಿತು, ಸಿದ್ಧರಾಮರ ಪುರಾಣವನ್ನು ತ್ರಿಪದಿಯಲ್ಲಿ ರಚಿಸಿದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಪೀಠವನ್ನೇರಿದ ಮೊದಲ ಮಹಿಳೆಯೆನಿಸಿದರು. ಅವರು ಶ್ರಮಪಟ್ಟು ಹುಡುಕಿಕೊಂಡ ಕೀಲಿಯು ಕನ್ನಡ ಶಾಲೆಯ ನಮ್ಮ ಮಕ್ಕಳ ಕೈಯಲ್ಲಿ ಒಂದನೆಯ ತರಗತಿಯಿಂದಲೇ ಇದೆ. ಕನ್ನಡ ಕಲಿತು ಏನು ಪ್ರಯೋಜನ ಎಂದು ನೆರೆಹೊರೆಯವರು ಕೇಳಿದಾಗ ಪಾಲಕರು ಈ ಮಾತನ್ನು ಧೈರ್ಯವಾಗಿ ಹೇಳಬಹುದು.

ಮುಂದಿನ ಸಂಕ್ರಾಂತಿಗೆ ಮಕ್ಕಳನ್ನು ಕರೆದೊಯ್ದಾಗ ದರ್ಶನದ ನಂತರ ಸ್ವಲ್ಪ ಹೊತ್ತು ಕೆರೆಯ ದಂಡೆಯಲ್ಲಿ ಕುಳಿತುಕೊಳ್ಳಿರಿ. ದನ ಕಾಯುವ ಹುಡುಗನ ಕಥೆಯನ್ನು ಮನೆಮಾತಿನಲ್ಲಿ ಹೇಳಿರಿ. ಬೇಸಿಗೆ ಬಂದಾಗ ಅಂಗಳದಲ್ಲಿ ಹಕ್ಕಿಗಳಿಗೊಂದು ಮಣ್ಣಿನ ಬಟ್ಟಲು, ಬಾಗಿಲಲ್ಲಿ ದಾರಿಹೋಕರಿಗೊಂದು ತಂಬಿಗೆ ನೀರು ಇಡುವ ಕೆಲಸವನ್ನು ಮಗುವಿಗೇ ಒಪ್ಪಿಸಿರಿ. ಇಟ್ಟವರು ಯಾರೆಂದು ಯಾರಿಗೂ ಹೇಳಬೇಕಾಗಿಲ್ಲವೆಂಬುದನ್ನೂ ಕಲಿಸಿರಿ.